ರೈಲ್ವೆ ಜಾಗದ ಫ್ಲ್ಯಾಟ್: ನೆಲ ಸಿಗ್ತದಾ, ಬರೀ ವರ್ಷಗಳಾ?

ಸಾಲಿಗ್ರಾಮದಿಂದ ಮಾತಾಡ್ತಾ ಇದ್ದೇನೆ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತವರಿಗೆ ಮೊದಲೇ ಹೇಳ್ತೇನೆ, ಇವತ್ತು ಸ್ವಲ್ಪ ಲೆಕ್ಕ ಇದೆ.

ನಮ್ಮ ಕಡೆಯವರು ಬೆಂಗಳೂರಿಗೆ ಹೋಗುವುದು ಹೊಸತೇನಲ್ಲ. ಇಲ್ಲೇ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಅಲ್ಲಿ ಶುರು ಮಾಡಿದ ಹೋಟೆಲೇ ಎಂಟಿಆರ್. ಆಗ ಅಲ್ಲಿ ದುಡಿದು ಊರಲ್ಲಿ ಜಾಗ ಮಾಡಿದವರು ಎಷ್ಟೋ ಜನ. ಈಗ ಉಲ್ಟಾ. ಹೈವೇ ಪಕ್ಕದ ಹತ್ತು ಸೆಂಟ್ಸ್ ಮಾರಿ ಬೆಂಗಳೂರಲ್ಲಿ ಫ್ಲ್ಯಾಟ್ ಬುಕ್ ಮಾಡುವುದು. ಮೊನ್ನೆ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು: "ಸ್ಟೇಷನ್ ಹತ್ತಿರ ರೈಲ್ವೆ ಜಾಗದಲ್ಲಿ ದೊಡ್ಡ ಪ್ರಾಜೆಕ್ಟ್ ಬರ್ತದಂತೆ. ಈಗಲೇ ಹಾಕಿದ್ರೆ ಕಡಿಮೆಗೆ ಸಿಗ್ತದಂತೆ. ಅಪ್ಪ ಜಾಗ ಮಾರ್ಲಿಕ್ಕೆ ತಯಾರಿದ್ದಾರೆ. ಹಾಕುವುದಾ?"

ಮೊದಲು ಈ 'ರೈಲ್ವೆ ಜಾಗ' ಎಂತದ್ದು ಅಂತ ನೋಡುವ. ಭಾರತೀಯ ರೈಲ್ವೆ ಹತ್ತಿರ ಸುಮಾರು 4.9 ಲಕ್ಷ ಹೆಕ್ಟೇರ್ ಭೂಮಿ ಇದೆ. ಅದರಲ್ಲಿ ಸುಮಾರು 62 ಸಾವಿರ ಹೆಕ್ಟೇರ್ ಖಾಲಿ ಅಂತ 2022ರ ಹೊತ್ತಿಗೆ ಸರ್ಕಾರವೇ ಹೇಳಿತ್ತು. ಖಾಲಿ ಜಾಗದಿಂದ ದುಡ್ಡು ಮಾಡ್ಲಿಕ್ಕೆ ಅಂತಲೇ 2005ರಲ್ಲಿ ರೈಲ್ವೆ ಕಾಯ್ದೆಗೆ ತಿದ್ದುಪಡಿ ತಂದು ರೈಲ್ ಲ್ಯಾಂಡ್ ಡೆವಲಪ್‌ಮೆಂಟ್ ಅಥಾರಿಟಿ ಅನ್ನುವ ಸಂಸ್ಥೆ ಮಾಡಿದ್ರು. ಇದು ಸಾಮಾನ್ಯವಾಗಿ ಜಾಗವನ್ನು ಬಿಲ್ಡರ್‌ಗೆ ಪೂರ್ತಿ ಮಾರುವುದಿಲ್ಲ, ಲೀಸಿಗೆ ಕೊಡ್ತದೆ. ಹಳೇ ರೈಲ್ವೆ ಕ್ವಾರ್ಟರ್ಸ್ ಇರುವ ಕಡೆ ಬಿಲ್ಡರ್ ಸಿಬ್ಬಂದಿಗೆ ಹೊಸ ಮನೆ ಕಟ್ಟಿಕೊಟ್ಟು, ಉಳಿದ ಜಾಗದಲ್ಲಿ ತನ್ನ ಕಟ್ಟಡ ಎಬ್ಬಿಸಿ ಮಾರ್ತಾನೆ. ವಸತಿಗಾದ್ರೆ 99 ವರ್ಷದ ಲೀಸ್ ಸಾಮಾನ್ಯ. ವಾಣಿಜ್ಯಕ್ಕೆ ಅದಕ್ಕಿಂತ ಕಡಿಮೆ.

ಅಂದ್ರೆ ನಿಮ್ಮ ಅಪ್ಪ ಇಲ್ಲಿ ಮಾರುವುದು ಆರ್‌ಟಿಸಿಯಲ್ಲಿ ಹೆಸರಿರುವ ಸ್ವಂತ ನೆಲ. ಅಲ್ಲಿ ಸಿಗುವುದು ವರ್ಷಗಳು. ಇವತ್ತು ಶುರುವಾದ 99 ವರ್ಷದಲ್ಲಿ ಐದು ವರ್ಷ ಕಟ್ಟುವುದಕ್ಕೇ ಹೋಯ್ತು. ಅದಾಗಿ ಮೂವತ್ತು ವರ್ಷ ನೀವು ಇದ್ದು ಮಾರ್ಲಿಕ್ಕೆ ಹೋದಾಗ ಉಳಿದದ್ದು 64. ಲೀಸ್ ಕಡಿಮೆಯಾದ ಹಾಗೆ ಬ್ಯಾಂಕ್ ಸಾಲ ಕೊಡ್ಲಿಕ್ಕೆ ಹಿಂದೆ ಮುಂದೆ ನೋಡ್ತದೆ, ಸಾಲ ಸಿಗದಿದ್ರೆ ಗಿರಾಕಿಯೂ ಕಡಿಮೆ. ಹಾಗಂತ ಲೀಸ್ ಫ್ಲ್ಯಾಟ್ ಕೆಟ್ಟದ್ದು ಅಂತಲ್ಲ ಮಾರಾಯ್ರೆ. ವಾಸಕ್ಕಾದ್ರೆ 94 ವರ್ಷ ಬೇಕಾದಷ್ಟಾಯ್ತು. ಸ್ವಂತ ನೆಲದ ರೇಟ್ ಕೊಟ್ಟು ಅದನ್ನು ತಗೊಂಡ್ರೆ ಮಾತ್ರ ನಷ್ಟ.

ಇನ್ನೊಂದು, 'ಬರ್ತದಂತೆ' ಅನ್ನುವ ಮಾತು. ಬೆಂಗಳೂರು ಕಂಟೋನ್ಮೆಂಟ್ ಸ್ಟೇಷನ್‌ಗೆ 1864ರಲ್ಲೇ ರೈಲು ಬಂದಿತ್ತು. ಅಲ್ಲಿನ ಹಳೇ ರೈಲ್ವೆ ಕಾಲೊನಿಯ ಎಂಟೂವರೆ ಎಕರೆ ಚಿಲ್ಲರೆ ಜಾಗದಲ್ಲಿ ವಾಣಿಜ್ಯ ಕಟ್ಟಡದ ಯೋಜನೆ ಬಂತು. 368 ಮರ ಕಡಿಯಬೇಕು ಅಂದಾಗ 2025ರಲ್ಲಿ ಜನ ಎದ್ದು ನಿಂತ್ರು. ರಾಜ್ಯ ಸರ್ಕಾರ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಮಾಡ್ಲಿಕ್ಕೆ ಹೊರಟಿತು. ನಗರದ ಮಧ್ಯದ ಸಾರ್ವಜನಿಕ ಜಾಗ ಅಂದ್ಮೇಲೆ ಈ ಪ್ರಶ್ನೆ ಬರಬೇಕಾದದ್ದೇ, ನಾನು ಮರದ ಪರ. ಆದ್ರೆ ಇಂಥ ಯೋಜನೆ ಬರ್ತದೆ ಅಂತ ನಂಬಿ ಅಕ್ಕಪಕ್ಕ ಜಾಸ್ತಿ ರೇಟಿಗೆ ಫ್ಲ್ಯಾಟ್ ತಗೊಂಡವರ ದುಡ್ಡು? ಅದರ ಬಗ್ಗೆ ಯಾರೂ ಮೀಟಿಂಗ್ ಮಾಡುವುದಿಲ್ಲ. (ನಮ್ಮ ಬಾರ್ಕೂರು, ಕುಂದಾಪುರ ಸ್ಟೇಷನ್ ಜಾಗವೂ ಕೊಂಕಣ ರೈಲ್ವೆಗೆ ಅಂತ ಊರವರಿಂದ ತಗೊಂಡದ್ದೇ. ಅಲ್ಲಿ ನಾಳೆ ಮಾಲ್ ಅಂದ್ರೆ ಎಂತ ಹೇಳ್ತೀರಿ, ಯೋಚನೆ ಮಾಡಿ.)

ಈ ಆಟ ಕೊನೆಗೆ ಹೇಗಾಗ್ತದೆ ಅಂತ ಕಾಣಬೇಕಾದ್ರೆ ಟೊರಾಂಟೊ ನೋಡಿ. ಅಲ್ಲಿ ಸಿಎನ್ ಟವರ್ ಪಕ್ಕದ ಹಳೇ ರೈಲ್ವೆ ಯಾರ್ಡ್‌ನಲ್ಲಿ ಸಿಟಿಪ್ಲೇಸ್ ಅಂತ ಸಾಲು ಸಾಲು ಟವರ್ ಎದ್ದಿವೆ. ಆ ಊರಲ್ಲಿ ಕಟ್ಟುವ ಮೊದಲೇ ಬುಕ್ ಮಾಡಿ, ಕೀ ಸಿಗುವ ಮೊದಲೇ ಇನ್ನೊಬ್ಬರಿಗೆ ದಾಟಿಸುವುದು ಒಂದು ವ್ಯಾಪಾರವೇ ಆಗಿತ್ತು. ಬಡ್ಡಿ ಏರಿತು. 2024ರಲ್ಲಿ ಟೊರಾಂಟೊ ಪ್ರದೇಶದ ಹೊಸ ಫ್ಲ್ಯಾಟ್ ಮಾರಾಟ 1996ರ ನಂತರದ ಅತಿ ಕೆಳಮಟ್ಟಕ್ಕೆ ಬಿತ್ತು. ದಾಟಿಸುವ ಅಂದ್ರೆ ತಗೊಳ್ಳುವವರೇ ಇಲ್ಲ.

ಯಾಕೆ ಹಾಗೆ? ಒಂದು ಕೋಟಿಯ ಫ್ಲ್ಯಾಟಿಗೆ ಹತ್ತು ಲಕ್ಷ ಕೊಟ್ಟು ಬುಕ್ ಮಾಡಿದ್ರಿ ಅಂತ ಇಟ್ಕೊಳ್ಳಿ. ರೇಟ್ 10% ಏರಿದ್ರೆ ನಿಮ್ಮ ಹತ್ತು ಇಪ್ಪತ್ತಾಯ್ತು. ಏಜೆಂಟ್ ಇಷ್ಟು ಹೇಳಿ ಟೀ ತರಿಸ್ತಾನೆ. 10% ಇಳಿದ್ರೆ ಹತ್ತೂ ಹೋಯ್ತು, ಮೇಲೆ ಉಳಿದ ತೊಂಬತ್ತು ಕಟ್ಟುವ ಒಪ್ಪಂದ ನಿಮ್ಮ ತಲೆ ಮೇಲೆ. ಬಾಡಿಗೆಗೆ ಕೊಡುವ ಅಂದ್ರೆ, 80 ಲಕ್ಷ ಸಾಲ, 8.5% ಬಡ್ಡಿ, 20 ವರ್ಷಕ್ಕೆ ಇಎಂಐ ಸುಮಾರು 69 ಸಾವಿರ. ಬಾಡಿಗೆ 30 ಸಾವಿರ ಬಂದ್ರೂ ತಿಂಗಳಿಗೆ 39 ಸಾವಿರ ಕೈಯಿಂದ.

ಮೆಸೇಜ್ ಕಳಿಸಿದವರಿಗೆ ನಾನು ಹೇಳಿದ್ದು ಇದು. ಅಪ್ಪನ ಜಾಗ ಮಾರುವ ಮಾತು ಸದ್ಯಕ್ಕೆ ಬದಿಗಿಡಿ. ಏಜೆಂಟ್ ಹತ್ತಿರ ರೇರಾ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಲ್ಲಿ ನೀವೇ ಹಾಕಿ ನೋಡಿ. 'ಪ್ರಿ-ಲಾಂಚ್, ನಂಬರ್ ಇನ್ನೂ ಬರ್ಲಿಲ್ಲ' ಅಂದ್ರೆ ಅಲ್ಲಿಗೇ ಬಿಡಿ, ನೋಂದಣಿ ಆಗದೆ ಬುಕಿಂಗ್ ತಗೊಳ್ಳುವ ಹಾಗೇ ಇಲ್ಲ. ನೋಂದಣಿ ಆಗಿದ್ರೂ, ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಬೆಲೆಯ 10%ಗಿಂತ ಜಾಸ್ತಿ ಕೇಳುವ ಹಕ್ಕು ಬಿಲ್ಡರ್‌ಗಿಲ್ಲ. ಲೀಸ್ ಪತ್ರದ ನಕಲು ತರಿಸಿ. ಅವಧಿ ಯಾವತ್ತಿಂದ ಶುರು, ಮುಗಿದ್ಮೇಲೆ ಕಟ್ಟಡ ಯಾರಿಗೆ ಅನ್ನುವ ಪುಟ ಹುಡುಕಿ, ಗೊತ್ತಿರುವ ವಕೀಲರಿಂದ ಓದಿಸಿ.

ಅವರು ಏಜೆಂಟ್ ಹತ್ತಿರ ಲೀಸ್ ಪತ್ರ ಕೇಳಿ ಎರಡು ವಾರ ಆಯ್ತು. ಇನ್ನೂ ಬಂದದ್ದು ಬ್ರೋಷರ್ ಮಾತ್ರ. ಅದರಲ್ಲಿ ಈಜುಕೊಳದ ಫೋಟೋ ನಾಲ್ಕಿದೆ.