ತೊಗಲು ತಿಂದವರು



ಚರ್ಮದ ಸಾಮಾನುಗಳನ್ನು ತಿಂದು ಜೀವ ಹಿಡಿದವರ ಚರಿತ್ರೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಚಪ್ಪಲಿ, ಸೊಂಟದ ಪಟ್ಟಿ, ಗುರಾಣಿಯ ಹೊದಿಕೆ, ಮನೆಯ ಮಾಡಿಗೆ ಹೊದಿಸಿದ ಎತ್ತಿನ ತೊಗಲು, ದಸ್ತಾವೇಜು ಬರೆದ ಚರ್ಮದ ಹಾಳೆ. ಇವೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಒಲೆಯ ಮೇಲಿನ ಪಾತ್ರೆಗೆ ಬಿದ್ದಿವೆ. ಈ ಮಾತು ಕೇಳಿದೊಡನೆ ಮನಸ್ಸಿಗೆ ಅಳುಕು ಬರುತ್ತದೆ, ನಿಜ. ಆದರೆ ಆ ಜನರ ಸಂಕಟಕ್ಕೆ ಮರ್ಯಾದೆ ಕೊಡಬೇಕಾದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ತಿಂದದ್ದರಿಂದ ಅವರ ಮೈಗೆ ಏನಾದರೂ ದಕ್ಕಿತೇ?

ಬಹಳ ಹಳೆಯ ದಾಖಲೆಗಳಲ್ಲಿ ಒಂದು ಜೆರುಸಲೇಮಿನದು. ಕ್ರಿ.ಶ. 70ರಲ್ಲಿ ರೋಮನ್ ಸೇನೆ ಆ ನಗರಕ್ಕೆ ಮುತ್ತಿಗೆ ಹಾಕಿತು. ಊರೊಳಗೆ ಕಾಳು ಮುಗಿಯಿತು. ಜನ ಸೊಂಟಪಟ್ಟಿಗಳನ್ನೂ ಪಾದರಕ್ಷೆಗಳನ್ನೂ ತಿಂದರು, ಗುರಾಣಿಗಳ ಮೇಲಿನ ಚರ್ಮವನ್ನು ಕಿತ್ತು ಅಗಿದರು ಎಂದು ಜೋಸೆಫಸ್ ಬರೆದಿದ್ದಾನೆ. ಅವನು ಯೆಹೂದಿ, ಆಗ ರೋಮನ್ನರ ಪಾಳೆಯದಲ್ಲಿದ್ದವನು. ತನ್ನವರ ನಾಶವನ್ನು ಗೋಡೆಯ ಹೊರಗೆ ನಿಂತು ಕಂಡವನು.

ಅಲ್ಲಿಂದ ಸಾಗರಕ್ಕೆ ಬರೋಣ. 1520ರ ನವೆಂಬರ್ 28ರಂದು ನಾವಿಕ ಮೆಗೆಲನ್‌ನ ಹಡಗುಗಳು ದಕ್ಷಿಣ ಅಮೆರಿಕದ ತುದಿಯ ಜಲಸಂಧಿಯನ್ನು ದಾಟಿ ಪೆಸಿಫಿಕ್ ಸಾಗರಕ್ಕಿಳಿದವು. ಆ ಸಾಗರ ಎಷ್ಟು ಅಗಲವೆಂಬ ಅಂದಾಜು ಹಡಗಿನಲ್ಲಿ ಯಾರಿಗೂ ಇರಲಿಲ್ಲ. ಮೂರು ತಿಂಗಳು ಇಪ್ಪತ್ತು ದಿನ ತಾಜಾ ಆಹಾರ ಸಿಗಲಿಲ್ಲ. ಜೊತೆಗಿದ್ದ ಇಟಲಿಯ ಆಂಟೋನಿಯೋ ಪಿಗಾಫೆಟ್ಟಾ ಆ ದಿನಗಳನ್ನು ಬರೆದಿಟ್ಟಿದ್ದಾನೆ. ಬಿಸ್ಕತ್ತು ಹುಳು ಹಿಡಿದು ಪುಡಿಯಾಗಿತ್ತು, ಇಲಿಯ ಉಚ್ಚೆಯ ನಾತ ಹೊಡೆಯುತ್ತಿತ್ತು. ಕುಡಿಯುವ ನೀರು ಹಳದಿಯಾಗಿ ಕೊಳೆತಿತ್ತು. ಹಾಯಿಯ ಅಡ್ಡದಿಮ್ಮಿಗೆ ಹಗ್ಗ ಉಜ್ಜಿ ಸವೆಯದಿರಲೆಂದು ಎತ್ತಿನ ತೊಗಲು ಸುತ್ತಿದ್ದರು. ಬಿಸಿಲು, ಮಳೆ, ಗಾಳಿಗೆ ಅದು ಒಣಗಿ ಕಲ್ಲಾಗಿತ್ತು. ನಾವಿಕರು ಅದನ್ನು ಬಿಚ್ಚಿ, ನಾಲ್ಕೈದು ದಿನ ಸಮುದ್ರದ ನೀರಿನಲ್ಲಿ ಇಳಿಬಿಟ್ಟು ನೆನೆಸಿ, ಕೆಂಡದ ಮೇಲೆ ಸ್ವಲ್ಪ ಹೊತ್ತು ಸುಟ್ಟು ತಿಂದರು. ಮರದ ಹೊಟ್ಟನ್ನೂ ತಿಂದರು. ಒಂದು ಇಲಿಗೆ ಅರ್ಧ ಡುಕಾಟ್ ನಾಣ್ಯದ ಬೆಲೆ, ಆ ಬೆಲೆಗೂ ಇಲಿ ಸಿಗುತ್ತಿರಲಿಲ್ಲ. ಹಲವರ ಒಸಡು ಊದಿ ಹಲ್ಲು ಮುಚ್ಚಿಹೋಗಿ, ತಿನ್ನಲಾಗದೆ ಸತ್ತರು. ಅದು ಸ್ಕರ್ವಿ, ‘ಸಿ’ ಜೀವಸತ್ವ ಇಲ್ಲದೆ ಬರುವ ರೋಗ. ತೊಗಲಿನಲ್ಲಿ ಅದಕ್ಕೆ ಮದ್ದಿಲ್ಲ. 1521ರ ಮಾರ್ಚ್ 6ರಂದು ಗುವಾಮ್ ದ್ವೀಪ ಸಿಗುವ ತನಕ ಅವರು ಹೀಗೇ ಬಂದರು.

ತೊಗಲಿನ ಅಡುಗೆಯನ್ನು ವಿವರವಾಗಿ ಹೇಳಿದ ಬರಹ ಫ್ರಾನ್ಸಿನದು. ಬರೆದವನು ಜಾನ್ ದ ಲೆರಿ, ಪ್ರಾಟೆಸ್ಟಂಟ್ ಪಾದ್ರಿ. 1558ರಲ್ಲಿ ಬ್ರೆಜಿಲ್‌ನಿಂದ ಮರಳುವಾಗ ಅವನ ಹಡಗಿನಲ್ಲಿ ಆಹಾರ ತೀರಿ, ಟೇಪಿರ್ ಎಂಬ ಪ್ರಾಣಿಯ ತೊಗಲಿನ ಗುರಾಣಿಗಳನ್ನು ಕತ್ತರಿಸಿ ತಿಂದಿದ್ದರು. ವಿಧಿ ನೋಡಿ, ಹದಿನೈದು ವರ್ಷದ ಬಳಿಕ, 1573ರಲ್ಲಿ, ಸಾನ್ಸೇರ್ ಎಂಬ ಬೆಟ್ಟದೂರಿನಲ್ಲಿ ರಾಜನ ಸೇನೆಯ ಮುತ್ತಿಗೆಯೊಳಗೆ ಅವನೇ ಸಿಕ್ಕಿಬಿದ್ದ. ಊರಿನವರು ಕುದುರೆ, ಕತ್ತೆ, ನಾಯಿ, ಬೆಕ್ಕು ಎಲ್ಲವನ್ನೂ ಮುಗಿಸಿ ತೊಗಲಿಗೆ ಬಂದರು. ಕೂದಲು ಹೆರೆಯಬೇಕು, ನೀರು ಬದಲಿಸುತ್ತ ನೆನೆಸಬೇಕು, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಬೇಕು, ಮೆತ್ತಗಾದ ಮೇಲೆ ಕೊಬ್ಬಿದ್ದರೆ ಹುರಿಯಬೇಕು. ಆಗ ಅದು ಜಾನುವಾರಿನ ಕರುಳು-ಹೊಟ್ಟೆಯಂತೆ ಆಗುತ್ತದೆ ಎಂದು ಲೆರಿ ದಾಖಲಿಸಿದ. ತೊಗಲು ತೀರಿದ ಮೇಲೆ ಬರವಣಿಗೆಯ ಚರ್ಮದ ಹಾಳೆಗಳು, ಹಳೆಯ ಪತ್ರಗಳು, ಪುಸ್ತಕಗಳು. ತಟ್ಟೆಗೆ ಬಂದ ತುಂಡುಗಳ ಮೇಲೆ ಅಕ್ಷರಗಳನ್ನು ಇನ್ನೂ ಓದಬಹುದಾಗಿತ್ತಂತೆ. ಆಗಸ್ಟ್‌ನಲ್ಲಿ ಊರು ಶರಣಾಯಿತು. ಯುದ್ಧದಲ್ಲಿ ಸತ್ತವರಿಗಿಂತ ಹಸಿವಿನಿಂದ ಸತ್ತವರು ಹಲವು ಪಟ್ಟು.

ಈ ಕಥೆಗಳನ್ನು ಓದುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಡಗಿನ ದಿಮ್ಮಿಗೆ ಸುತ್ತಿದ್ದು ಬರೀ ಒಣಗಿಸಿದ ತೊಗಲು. ಬರೆಯುವ ಚರ್ಮದ ಹಾಳೆಯೂ ಅಷ್ಟೆ: ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ಬಿಗಿದು ಒಣಗಿಸಿದ್ದು. ನಮ್ಮ ತಮಟೆಗೆ ಕಟ್ಟುವುದೂ ಇಂಥ ಹಸಿ ತೊಗಲನ್ನೇ. ಇದಾವುದನ್ನೂ ಹದ ಮಾಡಿರುವುದಿಲ್ಲ. ತೊಗಲಿನ ಮುಖ್ಯ ಭಾಗ ಕೊಲಾಜೆನ್ ಎಂಬ ಪ್ರೋಟೀನು. ನೀರಿನಲ್ಲಿ ತುಂಬ ಹೊತ್ತು ಕುದಿಸಿದರೆ ಅದು ಕರಗಿ ಜೆಲಾಟಿನ್ ಆಗುತ್ತದೆ. ಕಾಲು ಸೂಪು ಆರಿದ ಮೇಲೆ ಗಟ್ಟಿಯಾಗಿ ನಡುಗುವುದು ಅದರಿಂದಲೇ. ನಮ್ಮಲ್ಲಿ ಕುರಿಯ ತಲೆ, ಕಾಲುಗಳನ್ನು ಕೂದಲು ಸುಟ್ಟು, ಹೆರೆದು, ಚರ್ಮ ಸಮೇತ ಬೇಯಿಸುತ್ತಾರೆ. ನೈಜೀರಿಯಾದಲ್ಲಿ ದನದ ತೊಗಲನ್ನು ‘ಪೊನ್ಮೊ’ ಎಂಬ ಹೆಸರಿನಲ್ಲಿ ಸಾರಿಗೆ ಹಾಕುತ್ತಾರೆ, ಇಂಡೋನೇಷ್ಯಾದಲ್ಲಿ ಅದನ್ನೇ ಒಣಗಿಸಿ ಸಂಡಿಗೆಯಂತೆ ಕರಿಯುತ್ತಾರೆ. ಹಾಗಾಗಿ ತೊಗಲು ಆಹಾರವೇ. ಅದನ್ನು ತಿನ್ನುವವರನ್ನು ಕೀಳಾಗಿ ಕಾಣಲು ಯಾವ ಆಧಾರವೂ ಇಲ್ಲ.

ಆದರೆ ಚಪ್ಪಲಿಯ ಕಥೆ ಬೇರೆ. ಅಥಣಿಯ ಕುಶಲಕರ್ಮಿಗಳು ಕೊಲ್ಹಾಪುರಿ ಚಪ್ಪಲಿಗೆ ಬಳಸುವ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ಹದ ಮಾಡುತ್ತಾರೆ. ಅಳಲೆಕಾಯಿ ಕಚ್ಚಿದರೆ ನಾಲಗೆ ಒಗರಾಗಿ ಎಳೆದುಕೊಳ್ಳುತ್ತದಲ್ಲ, ಅದು ಟ್ಯಾನಿನ್‌ನ ಕೆಲಸ. ಎಂಜಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದು ಕಟ್ಟಿಬಿಡುತ್ತದೆ. ತೊಗಲಿನ ಕೊಲಾಜೆನನ್ನೂ ಹಾಗೆಯೇ ಕಟ್ಟುತ್ತದೆ. ಕಟ್ಟಿದ ಮೇಲೆ ಕೊಳೆಸುವ ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಒಡೆಯಲಾರವು. ಚಪ್ಪಲಿ ವರ್ಷಗಟ್ಟಲೆ ಬಾಳುವುದು ಇದರಿಂದ. ಸೂಕ್ಷ್ಮಜೀವಿ ಒಡೆಯಲಾರದ್ದನ್ನು ನಮ್ಮ ಜಠರವೂ ಒಡೆಯಲು ತಿಣುಕುತ್ತದೆ. ತಲೆಮಾರುಗಳ ಜಾಣ್ಮೆಯೆಲ್ಲ ತೊಗಲನ್ನು ಜೀರ್ಣವಾಗದಂತೆ ಮಾಡುವುದಕ್ಕೇ ಖರ್ಚಾಗಿದೆ. ಹಾಗೆ ಹದವಾದ ಬೂಟು ಹೊಟ್ಟೆಯ ಉರಿಯನ್ನು ಅರೆಗಳಿಗೆ ಮರೆಸಬಹುದು, ಮೈಗೆ ಕೊಡುವುದು ತೀರ ಕಡಿಮೆ.

ಬೂಟು ತಿಂದವನೆಂದೇ ಹೆಸರಾದವನು ಇಂಗ್ಲೆಂಡಿನ ನೌಕಾಧಿಕಾರಿ ಜಾನ್ ಫ್ರಾಂಕ್ಲಿನ್. 1819ರಿಂದ 1822ರವರೆಗೆ ಕೆನಡಾದ ಉತ್ತರ ತೀರವನ್ನು ಹುಡುಕಲು ಹೋದವನು. 1821ರ ಶರತ್ಕಾಲದಲ್ಲಿ ಅವನ ತಂಡ ಬಂಡೆಗೆ ಅಂಟಿದ ಕಲ್ಲುಹೂವನ್ನೂ ಹಳೆಯ ಪಾದರಕ್ಷೆಯನ್ನೂ ತಿನ್ನುತ್ತ ತಮ್ಮ ಠಾಣೆಗೆ ಮರಳಿತು. ಅಲ್ಲಿ ಕಾದಿರಬೇಕಿದ್ದ ಆಹಾರ ಇರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಎಸೆದಿದ್ದ ಜಿಂಕೆಯ ತೊಗಲು, ಮೂಳೆಗಳನ್ನು ಹೆಕ್ಕಿ ಬೇಯಿಸಿಕೊಂಡರು. ಇಪ್ಪತ್ತು ಜನರಲ್ಲಿ ಹನ್ನೊಂದು ಜನ ಸತ್ತರು. ಉಳಿದವರನ್ನು ಬದುಕಿಸಿದ್ದು ಮಾಂಸ ತಂದುಕೊಟ್ಟ ಅಲ್ಲಿನ ಮೂಲನಿವಾಸಿಗಳು, ಅಕೈಚೋ ಎಂಬ ನಾಯಕನ ಕಡೆಯವರು. ಹೆಸರು ಮಾತ್ರ ಬೂಟಿಗೆ ಹೋಯಿತು. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಡಾನರ್ ತಂಡ ಎಂಬ ವಲಸಿಗರ ಗುಂಪು 1846ರ ಚಳಿಗಾಲದಲ್ಲಿ ಸಿಯೆರಾ ನೆವಾಡ ಪರ್ವತದ ಹಿಮದಲ್ಲಿ ಸಿಕ್ಕಿಕೊಂಡಿತು. ರೀಡ್ ಎಂಬ ಕುಟುಂಬ ತಮ್ಮ ಗುಡಿಸಲಿನ ಮಾಡಿನ ಎತ್ತಿನ ತೊಗಲನ್ನೇ ಇಳಿಸಿ ಬೇಯಿಸಿತು. ಮಾಡು ಹೋದ ಮೇಲೆ ತಾಯಿ ಮಕ್ಕಳನ್ನು ಕಟ್ಟಿಕೊಂಡು ನೆರೆಯವರ ಗುಡಿಸಲು ಸೇರಿದಳು. ತೊಗಲು ಬೆಂದು ಆಗುವುದು ಅಂಟಿನಂಥ ಮುದ್ದೆ. ಮಕ್ಕಳು ಅದನ್ನು ಬಾಯಿಗಿಡಲಾರದೆ ಅತ್ತಿರಬೇಕು. ಆದರೂ ಆ ಕುಟುಂಬದ ತಾಯಿ ಮಕ್ಕಳೆಲ್ಲ ಬದುಕಿ ಹೊರಬಂದರು. ಇಡೀ ತಂಡದಲ್ಲಿ ಬದುಕಿದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಹಾಗಾದರೆ ಹಸಿ ತೊಗಲೊಂದನ್ನೇ ತಿಂದು ಎಷ್ಟು ದಿನ ಬಾಳಬಹುದು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಬಡವರ ಗಂಜಿಕೇಂದ್ರದ ನೆಪದಲ್ಲಿ. 1679ರಲ್ಲಿ ವಿಜ್ಞಾನಿ ಡೆನಿ ಪಾಪಿನ್, ಇಂದಿನ ಕುಕ್ಕರಿನ ಪೂರ್ವಜನಾದ ಪಾತ್ರೆಯಲ್ಲಿ ಮೂಳೆ ಬೇಯಿಸಿ ಜೆಲಾಟಿನ್ ತೆಗೆದು ತೋರಿಸಿದ್ದ. ನಂತರ ಫ್ರಾನ್ಸಿನಲ್ಲಿ ಆಸ್ಪತ್ರೆಯ ರೋಗಿಗಳಿಗೆ, ಬಡವರಿಗೆ ಮಾಂಸದ ಬದಲು ಜೆಲಾಟಿನ್ ಸಾರು ಬಡಿಸಿದರು. ಅಗ್ಗದಲ್ಲಿ ಹೊಟ್ಟೆ ತುಂಬಿಸುವ ಉಪಾಯ ಸಿಕ್ಕಿತೆಂದು ಆಳುವವರು ಹಿಗ್ಗಿದರು. ಅನುಮಾನ ಎದ್ದು, ಶರೀರವಿಜ್ಞಾನಿ ಫ್ರಾನ್ಸ್ವಾ ಮಜಾಂಡಿ ಮುಂದಾಳುತನದ ಸಮಿತಿ ವರ್ಷಗಳ ಕಾಲ ಪರೀಕ್ಷೆ ನಡೆಸಿ 1841ರಲ್ಲಿ ವರದಿ ಕೊಟ್ಟಿತು: ಬರೀ ಜೆಲಾಟಿನ್ ತಿಂದು ನಾಯಿಗಳು ಬದುಕುವುದಿಲ್ಲ. ಕಾರಣ ತಿಳಿಯಲು ಇನ್ನೂ ಅರವತ್ತು ವರ್ಷ ಹಿಡಿಯಿತು. 1901ರಲ್ಲಿ ವಿಜ್ಞಾನಿ ಗೌಲೆಂಡ್ ಹಾಪ್ಕಿನ್ಸ್ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಬೇರ್ಪಡಿಸಿದ. ಮೈಗೆ ಅದು ಬೇಕೇ ಬೇಕು, ಮತ್ತು ಕೊಲಾಜೆನ್‌ನಲ್ಲಿ ಅದು ಇಲ್ಲ.

ಲೆನಿನ್‌ಗ್ರಾಡ್ ನಗರದವರಿಗೆ ಈ ರಸಾಯನಶಾಸ್ತ್ರ ಬೇಕಿರಲಿಲ್ಲ. 1941ರ ನವೆಂಬರ್ ಕೊನೆಯಲ್ಲಿ ಜರ್ಮನ್ ಮುತ್ತಿಗೆಯೊಳಗೆ ಮಕ್ಕಳಿಗೂ ಅವಲಂಬಿತರಿಗೂ ಸಿಗುತ್ತಿದ್ದದ್ದು ದಿನಕ್ಕೆ 125 ಗ್ರಾಂ ಬ್ರೆಡ್ಡು, ಅದರಲ್ಲೂ ಕಲಬೆರಕೆ. ಜನ ಬೆಲ್ಟುಗಳನ್ನು ಕುದಿಸಿದರು. ಬಡಗಿಗಳ ಅಂಟನ್ನು, ಅಂದರೆ ತೊಗಲು ಮೂಳೆಗಳಿಂದ ತೆಗೆದ ಅಂಟನ್ನು, ಕರಗಿಸಿ ಆರಿಸಿ ಹೋಳು ಮಾಡಿ ಹಂಚಿಕೊಂಡರು. ಆ ನಗರದಲ್ಲಿ ಲಕ್ಷಾಂತರ ಜನ ಹಸಿದು ಸತ್ತರು. ಇದು ಯಾವ ಬರವೂ ತಂದ ಸಾವಲ್ಲ, ಮನುಷ್ಯರು ಲೆಕ್ಕ ಹಾಕಿ ತಂದದ್ದು.

ಸಿನಿಮಾದಲ್ಲಿ ಚಾಪ್ಲಿನ್ 1925ರ ‘ದಿ ಗೋಲ್ಡ್ ರಷ್’ನಲ್ಲಿ ಬೂಟು ಬೇಯಿಸಿ ತಿಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಡಾನರ್ ತಂಡದ ಕಥೆ ಓದಿ ಹೊಳೆದ ದೃಶ್ಯವದು. ಆ ಬೂಟು ಅತಿಮಧುರದ ಮಿಠಾಯಿಯದು. 1979ರಲ್ಲಿ ಜರ್ಮನ್ ನಿರ್ದೇಶಕ ವರ್ನರ್ ಹರ್ಜಾಗ್ ಪಂದ್ಯದ ಮಾತಿಗೆ ಕಟ್ಟುಬಿದ್ದು ಕ್ಯಾಲಿಫೋರ್ನಿಯಾದಲ್ಲಿ ನಿಜವಾದ ಚರ್ಮದ ಬೂಟನ್ನೇ ಬೆಳ್ಳುಳ್ಳಿ, ಸೊಪ್ಪು ಹಾಕಿ ಐದು ಗಂಟೆ ಬೇಯಿಸಿ ಜನರೆದುರು ತಿಂದ. ಅಟ್ಟೆ ಬಿಟ್ಟ.

ಆದರೆ ಇಂದು ಹೀಗೆ ಮಾಡಲು ಹೋಗಬಾರದು. 19ನೇ ಶತಮಾನದ ಕೊನೆಯಿಂದ ಚರ್ಮ ಹದ ಮಾಡುವ ಕೆಲಸಕ್ಕೆ ಕ್ರೋಮಿಯಂ ಲವಣ ಬಂತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಇಂದು ಜಗತ್ತಿನ ಬಹುಪಾಲು ಚರ್ಮ ಹೀಗೇ ಹದವಾಗುತ್ತದೆ. ಚೆನ್ನಾಗಿ ಹದವಾದ ಕ್ರೋಮ್ ಚರ್ಮ ಕುದಿಯುವ ನೀರಿಗೂ ಮುದುಡುವುದಿಲ್ಲ. ಹದ ಸರಿಯಾಗಿದೆಯೇ ಎಂದು ಕಾರ್ಖಾನೆಯಲ್ಲಿ ನೋಡುವುದೇ ಕುದಿಸಿ. ಮೇಲಿನಿಂದ ಬಣ್ಣ, ಎಣ್ಣೆ, ಪ್ಲಾಸ್ಟಿಕ್ಕಿನ ಲೇಪ. ಬೇಯಿಸಿದರೆ ಮೆತ್ತಗಾಗದ, ತಿಂದರೆ ದಕ್ಕದ, ಜೊತೆಗೆ ಅಪಾಯವನ್ನೂ ಹೊತ್ತ ವಸ್ತು ಇದು.

ಇಂಥ ಚರ್ಮ ಗೊತ್ತಾಗದಂತೆ ಹೊಟ್ಟೆ ಸೇರಿದ್ದೂ ಇದೆ. ಔಷಧದ ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಜೆಲಾಟಿನ್‌ನದು, ಹಸಿ ತೊಗಲು ಮೂಳೆಗಳಿಂದ ತಯಾರಾಗಬೇಕಾದದ್ದು. 2012ರ ಏಪ್ರಿಲ್‌ನಲ್ಲಿ ಚೀನಾದ ಸರ್ಕಾರಿ ಟಿವಿಯೇ ಬಯಲಿಗೆಳೆಯಿತು: ಕ್ರೋಮ್ ಹದದ ಚರ್ಮದ ಚೂರುಗಳಿಂದ ಕೈಗಾರಿಕೆಯ ಜೆಲಾಟಿನ್ ಮಾಡಿ ಕ್ಯಾಪ್ಸೂಲಿಗೆ ಬಳಸುತ್ತಿದ್ದರು, ಕ್ರೋಮಿಯಂ ಮಿತಿ ಮೀರಿತ್ತು. ಮುತ್ತಿಗೆಯಲ್ಲಿ ಸಿಕ್ಕವರು ತಿಳಿದೇ ತಿಂದರು. ಈ ರೋಗಿಗಳಿಗೆ ಯಾರೂ ಹೇಳಲೂ ಇಲ್ಲ.

ಕೇಳುಗರೇ, ನಮ್ಮ ಮನೆಗಳಿಗೂ ಒಂದು ಮಾತು ಇದೆ. ಹರಿದ ಚಪ್ಪಲಿ, ಹಳೆಯ ಬೆಲ್ಟು, ಚರ್ಮದ ಚೀಲಗಳನ್ನು ಬಚ್ಚಲ ಒಲೆಗೆ ತುರುಕುವ ರೂಢಿ ಹಲವು ಕಡೆ ಇನ್ನೂ ಇದೆ. ಕ್ರೋಮ್ ಚರ್ಮ ಉರಿದಾಗ ಅದರಲ್ಲಿನ ಕ್ರೋಮಿಯಂ ಹೆಚ್ಚು ವಿಷಕಾರಿಯಾದ ರೂಪಕ್ಕೆ ತಿರುಗಿ ಬೂದಿಯಲ್ಲಿ ಉಳಿಯಬಲ್ಲದು, ಅದೇ ಬೂದಿ ಪಾತ್ರೆ ಉಜ್ಜಲು, ಹಿತ್ತಿಲ ಸೊಪ್ಪಿನ ಮಡಿಗೆ ಹೋಗುತ್ತದೆ. ದಯವಿಟ್ಟು ಚರ್ಮವನ್ನು ಒಲೆಗೆ ಹಾಕಬೇಡಿ. ರಿಪೇರಿ ಆಗುವಂತಿದ್ದರೆ ಚಮ್ಮಾರರ ಬಳಿ ಒಯ್ಯಿರಿ, ಆಗದಿದ್ದರೆ ಒಣ ಕಸಕ್ಕೆ ಕೊಡಿ.