ಗಣಕದ ಎಚ್ಚರಿಕೆ, ಗುರುವಿನ ಕಾಳಜಿ



ಗಡಿನಾಡಿನಲ್ಲಿ ನೂರು ವರ್ಷ ಕನ್ನಡದ ದೀಪ ಆರದಂತೆ ಕಾಯ್ದ ಶಾಲೆಯ ಅಂಗಳದಲ್ಲಿ ನಾವಿಂದು ಸೇರಿದ್ದೇವೆ. ಈ ಶುಭಸಂದರ್ಭದಲ್ಲಿ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇವೆ. ಇಲ್ಲಿಂದ ಹೊರಟ ಮಗು ಸೊಲ್ಲಾಪುರದ ಕಾಲೇಜಿನ ಮೆಟ್ಟಿಲೇರಿದ ಮೇಲೆ ಓದನ್ನು ಪೂರ್ಣಗೊಳಿಸುವುದೇ?

ಕನ್ನಡದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ವಿದ್ಯಾರ್ಥಿನಿಗೆ ಕಾಲೇಜಿನಲ್ಲಿ ಉಪನ್ಯಾಸಕರು ‘ಫೋಟೋಸಿಂಥೆಸಿಸ್’ ಎನ್ನುತ್ತಾರೆ. ಪಕ್ಕದ ಮರಾಠಿ ಗೆಳತಿ ‘ಪ್ರಕಾಶ ಸಂಶ್ಲೇಷಣ’ ಎನ್ನುತ್ತಾಳೆ. ವಿಷಯ ಬಲ್ಲವಳಾದರೂ ಪದ ಹೊಳೆಯದೆ ಅವಳು ಮೌನಿಯಾಗುತ್ತಾಳೆ. ಮೊದಲು ಪ್ರಶ್ನೆ ಕೇಳುವುದನ್ನು ಬಿಡುತ್ತಾಳೆ, ಬಳಿಕ ತರಗತಿಗೆ ಬರುವುದನ್ನು. ನಮ್ಮ ಕುಂಭಾರಿಯ ರೇನಗರದಲ್ಲಿ ಬೀಡಿ ಕಟ್ಟುವ ತಾಯಂದಿರ ಮನೆಗಳಿವೆ. ಅಂತಹ ಮನೆಯಲ್ಲಿ ಬಸ್ ಪಾಸಿನ ಹಣ, ಪರೀಕ್ಷಾ ಶುಲ್ಕಗಳೂ ಮಗಳ ಓದನ್ನು ನಿಲ್ಲಿಸಬಲ್ಲವು.

ಇಂತಹ ಜಾರುವಿಕೆಯನ್ನು ಮುಂಚಿತವಾಗಿ ಗುರುತಿಸುವ ತಂತ್ರಜ್ಞಾನ ಇಂದು ಲಭ್ಯವಿದೆ. ಹಾಜರಾತಿ, ಕಿರುಪರೀಕ್ಷೆಯ ಅಂಕ, ಬಾಕಿ ಶುಲ್ಕ ಇವು ಕಾಲೇಜಿನ ಬೇರೆ ಬೇರೆ ಕಡತಗಳಲ್ಲಿ ಇದ್ದೇ ಇರುತ್ತವೆ. ಅವನ್ನು ಒಂದೆಡೆ ಜೋಡಿಸಿದರೆ, ವಿದ್ಯಾರ್ಥಿ ಹಿಂದೆ ಬೀಳುತ್ತಿರುವುದು ವರ್ಷಾಂತ್ಯಕ್ಕಲ್ಲ, ಮೊದಲ ತಿಂಗಳಲ್ಲಿಯೇ ತಿಳಿಯುತ್ತದೆ. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯವು 2012ರಿಂದ ಸುಮಾರು 800 ಸೂಚಕಗಳ ಮೂಲಕ ವಿದ್ಯಾರ್ಥಿಗಳ ಪ್ರಗತಿಯನ್ನು ಗಮನಿಸುತ್ತ ಬಂದಿದೆ. ಆದರೆ ಅದು ಗಣಕವನ್ನಷ್ಟೇ ನೆಚ್ಚಲಿಲ್ಲ. ವಿದ್ಯಾರ್ಥಿಯನ್ನು ಕರೆದು ಮಾತನಾಡಿಸುವ ಸಲಹೆಗಾರರನ್ನೂ ಹೆಚ್ಚು ಸಂಖ್ಯೆಯಲ್ಲಿ ನೇಮಿಸಿಕೊಂಡಿತು. ಯಶಸ್ಸಿನ ಗುಟ್ಟು ಅಲ್ಲಿದೆ.

ದೂರದ ನಿದರ್ಶನವೇ ಏಕೆ? ನಮ್ಮ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತ್‌ಸಿಂಹ ಡಿಸಲೆ ಗುರೂಜಿಯವರು ಪಠ್ಯಪುಸ್ತಕಗಳಿಗೆ ಕ್ಯೂಆರ್ ಸಂಕೇತ ಜೋಡಿಸಿ ಮಕ್ಕಳಿಗೆ ಪದ್ಯ, ಪಾಠ, ದೃಶ್ಯಗಳನ್ನು ತಲುಪಿಸಿದರು. 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿಗೆ ಪಾತ್ರರಾದರು. 10 ಲಕ್ಷ ಡಾಲರ್ ಬಹುಮಾನದ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಉಪಕರಣ ಚಿಕ್ಕದು, ಅದರ ಹಿಂದಿನ ಮನಸ್ಸು ದೊಡ್ಡದು.

ಆದ್ದರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ಮೂರು ವಿನಂತಿಗಳನ್ನು ಮಾಡುತ್ತೇವೆ. ಮೊದಲನೆಯದು, ಪ್ರವೇಶ ದಾಖಲೆಯಲ್ಲಿ ವಿದ್ಯಾರ್ಥಿ ಕಲಿತ ಮಾಧ್ಯಮವನ್ನು ಬರೆದುಕೊಂಡು, ಕನ್ನಡ, ಮರಾಠಿ, ಇಂಗ್ಲಿಷ್ ಪಾರಿಭಾಷಿಕ ಪದಗಳ ಕೋಶವನ್ನು ಮೊದಲ ವಾರವೇ ಮೊಬೈಲಿಗೆ ಕಳುಹಿಸಬೇಕು. ಎರಡನೆಯದು, ಗಣಕ ಎಚ್ಚರಿಸಿದ ಪ್ರತಿ ಹೆಸರಿಗೂ ಒಬ್ಬ ಅಧ್ಯಾಪಕರು ಹೊಣೆಗಾರರಾಗಬೇಕು. ಅವರ ಬೋಧನೆಯ ಹೊರೆ ಅಷ್ಟರಮಟ್ಟಿಗೆ ಇಳಿಯಬೇಕು. ಮೂರನೆಯದು, ಆ ಪಟ್ಟಿ ಫಲಕದ ಮೇಲೆ ಬರಬಾರದು. ‘ದುರ್ಬಲ’ ಎಂಬ ಹಣೆಪಟ್ಟಿ ಹಚ್ಚಿದರೆ, ಉಳಿಸಬೇಕಾದ ಮಗುವನ್ನು ನಾವೇ ಕಳೆದುಕೊಳ್ಳುತ್ತೇವೆ.

ಶಾಲೆಗೂ ಇಲ್ಲೊಂದು ಕರ್ತವ್ಯವಿದೆ. ಹತ್ತನೆಯ ತರಗತಿ ಮುಗಿಸಿದವರ ಸಂಪರ್ಕವನ್ನು ಮೂರು ವರ್ಷವಾದರೂ ಉಳಿಸಿಕೊಂಡು, ಕಾಲೇಜಿನಲ್ಲಿರುವ ಹಳೆಯ ವಿದ್ಯಾರ್ಥಿಗಳನ್ನು ಹೊಸಬರಿಗೆ ಜೊತೆಗಾರರನ್ನಾಗಿ ಮಾಡಬಹುದು. ಇದಕ್ಕೆ ವಾಟ್ಸ್‌ಆ್ಯಪ್ ಬಳಗವೊಂದು ಸಾಕು.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ನೆಲವಿದು. ಕೆರೆ ಕಟ್ಟುವುದು ಕಾಯಕದ ಒಂದು ಪಾಲು. ಹೂಳೆತ್ತಿ ಏರಿ ಕಾಯುವುದು ಇನ್ನೊಂದು ಪಾಲು. ಗಣಕಯೋಜನೆಗಳಿಗೂ ಇದೇ ಮಾತು ಸಲ್ಲುತ್ತದೆ. ಉದ್ಘಾಟನೆಯ ದಿನದ ಹಾರಕ್ಕಿಂತ, ಮರುವರ್ಷ ಅದನ್ನು ನೋಡಿಕೊಳ್ಳುವ ಕೈ ಮುಖ್ಯ.

ಈ ಶಾಲೆಯ ಎರಡನೆಯ ಶತಮಾನದಲ್ಲಿ ನಮ್ಮ ಮಕ್ಕಳು ಕಾಲೇಜು ಸೇರುವುದಷ್ಟೇ ಅಲ್ಲ, ಪದವಿ ಪಡೆದು ಹೊರಬರಲಿ ಎಂದು ಹಾರೈಸುತ್ತೇವೆ.