ಜ್ವರ ಇಳಿದ ಮ್ಯಾಲೆ ಎದಿಗೆ ಏನಾಗ್ತೈತಿ?

ತುಬಚಿಯಿಂದ ಮಾತಾಡಾಕತ್ತೀನಿ. 2025ರ ಜೂನ್‌ದಾಗ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಬಂದಾಗಿಂದ ನಮ್ಮೂರ ಕಟ್ಟಿ ಮ್ಯಾಲೆ ಒಂದ ಮಾತು: ‘ಎಲ್ಲಾ ಕೊರೊನಾ ಸೂಜಿದ ಕಾಟ.’ ಜುಲೈ 1ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಲಸಿಕೆ ಮ್ಯಾಲೆ ಸಂಶಯ ವ್ಯಕ್ತಪಡಿಸಿದ್ರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ಆದರೆ ಸೂಜಿ ಬಗ್ಗೆ ಇಷ್ಟು ಮಾತಾಡಿದ ನಾವು ಜ್ವರದ ಬಗ್ಗೆ ಮಾತಾಡಲೇ ಇಲ್ಲ.

ವೈರಸ್ ಹೃದಯಕ್ಕೆ ಎರಡು ದಾರಿಯಿಂದ ತೊಂದರೆ ಕೊಡುತ್ತದೆ. ಒಂದು, ಹೃದಯದ ಸ್ನಾಯುವಿಗೇ ಉರಿಯೂತ. ಡಾಕ್ಟರು ಇದನ್ನು ಮಯೋಕಾರ್ಡೈಟಿಸ್ ಅಂತಾರೆ. ಕಾಕ್ಸಾಕಿ, ಫ್ಲೂ, ಡೆಂಗಿ, ಚಿಕೂನ್‌ಗುನ್ಯಾ, ಕೋವಿಡ್ – ಯಾವುದರಿಂದಲೂ ಆಗಬಹುದು. ಬಡಿತದ ಲಯ ತಪ್ಪಿದರೆ ಗಟ್ಟಿಮುಟ್ಟಾದ ಹುಡುಗನೂ ನಿಂತಲ್ಲೇ ಕುಸಿಯಬಹುದು. ಇನ್ನೊಂದು, ಮೊದಲೇ ಕೊಬ್ಬು ಕೂತ ರಕ್ತನಾಳದಲ್ಲಿ ಸೋಂಕಿನ ಉರಿಯೂತದಿಂದ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗೋದು. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫ್ಲೂ ದೃಢಪಟ್ಟ ಮೊದಲ 7 ದಿನಗಳಲ್ಲಿ ಹೃದಯಾಘಾತದ ಅಪಾಯ ಸುಮಾರು 6 ಪಟ್ಟು ಇತ್ತು. ಬರೀ ಫ್ಲೂರಿ!

ನಮ್ಮ ದೇಶದ ಲೆಕ್ಕ ನೋಡೋಣ. ಐಸಿಎಂಆರ್ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ 729 ಹಠಾತ್ ಸಾವುಗಳನ್ನು ಪರಿಶೀಲಿಸಿ 2023ರಲ್ಲಿ ವರದಿ ಕೊಟ್ಟಿತು. ಅಪಾಯ ಹೆಚ್ಚಿದ್ದು ಯಾರಿಗೆ? ಹಿಂದೆ ಕೋವಿಡ್‌ಗೆ ಆಸ್ಪತ್ರೆ ಸೇರಿದವರಿಗೆ, ಮನೆತನದಲ್ಲಿ ಹಠಾತ್ ಸಾವು ಕಂಡವರಿಗೆ, ಸಾಯುವ ಮುಂಚಿನ 48 ತಾಸಿನಲ್ಲಿ ವಿಪರೀತ ಕುಡಿದವರಿಗೆ ಅಥವಾ ಮೈಮುರಿದು ದಣಿದವರಿಗೆ. ಎರಡು ಡೋಸ್ ಲಸಿಕೆ ತಗೊಂಡವರಲ್ಲಿ ಅಪಾಯ ಕಡಿಮೆಯೇ ಇತ್ತು. (ಎಂಆರ್‌ಎನ್‌ಎ ಲಸಿಕೆಗಳಿಂದ ತೀರಾ ಅಪರೂಪಕ್ಕೆ ಮಯೋಕಾರ್ಡೈಟಿಸ್ ಆಗೋದು ಖರೆ. ಆದರೆ ನಮ್ಮ ಕಡೆ ಹಾಕಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್.)

ಹಂಗಾದ್ರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ‘ಕೋವಿಡ್‌ಗೆ ಸಂಬಂಧ ಇಲ್ಲ’ ಅಂದಿತಲ್ಲ ಅಂತ ಕೇಳ್ತೀರಿ. ಎರಡಕ್ಕೂ ಜಗಳ ಇಲ್ರಿ. ಸೋಂಕಾದ ಒಂದು ವರ್ಷದೊಳಗೆ ಉರಿಯೂತದಿಂದ ಅಪಾಯ ಹೆಚ್ಚಿರಬಹುದು. 3 ವರ್ಷ ದಾಟಿದ ಮ್ಯಾಲೆ ಅದೇ ಕಾರಣ ಹೇಳಲಾಗದು ಅಂತ ಸಮಿತಿ ಅಂದಿದೆ. ಈಗಿನ ಸಾವುಗಳಿಗೆ ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ವಂಶದ ಗುಣ ಎಲ್ಲಾ ಕೂಡಿ ಕಾರಣ. ನನಗೆ ಸರಿ ಅನಿಸೋದೂ ಇದೇ. ಹಳೇ ಕೊರೊನಾ ಬಿಡ್ರಿ, ಹೋದ ವಾರ ಬಂದ ಜ್ವರ ನೋಡ್ರಿ.

ಯಾಕಂದ್ರ ನಮ್ಮ ಕಡೆ ಜ್ವರ ಅಂದ್ರೆ ಏನು? ಒಂದು ಸಲಾಯಿನ್, ಎರಡು ಗುಳಗಿ, ಮರುದಿನ ಕಬ್ಬು ಕಡಿಯಾಕ. ಮೈ ಬಿಸಿ ಇದ್ದಾಗಲೇ ಟ್ರ್ಯಾಕ್ಟರಿಗೆ ಕಬ್ಬು ಹೇರಾವ್ರದಾರ. ಪಗಾರ ಹೋಗ್ತೈತಿ ಅಂಬೋದು ಖರೆ, ಕೂಲಿಕಾರರಿಗೆ ‘ವಿಶ್ರಾಂತಿ ತಗೋರಿ’ ಅನ್ನೋದು ಸುಲಭದ ಮಾತಲ್ಲ. ಆದರೂ ಮುಕಾದಮನಿಗೆ, ತೋಟದ ಸಾವ್ಕಾರಗ ಹೇಳ್ತೀನಿ: ಜ್ವರ ಇದ್ದವನನ್ನು ಹೊರೆ ಹೊರಾಕ ಕರೀಬ್ಯಾಡ್ರಿ. ಮಯೋಕಾರ್ಡೈಟಿಸ್ ಅಂತ ಗೊತ್ತಾದವರಿಗೆ ಡಾಕ್ಟರು 3ರಿಂದ 6 ತಿಂಗಳು ಭಾರದ ಕೆಲಸವನ್ನೇ ಬಿಡಿಸುತ್ತಾರೆ. ಹುಡುಗರ ಕಬಡ್ಡಿಗೂ ಇದೇ ಮಾತು.

ಜ್ವರದಾಗ ಅಥವಾ ಬಿಟ್ಟ ಮ್ಯಾಲೆ ಎದಿ ನೋವು, ನಾಲ್ಕು ಹೆಜ್ಜೆಗೆ ದಮ್ಮು, ಎದಿ ಡವಡವ ಅನ್ನೋದು, ಕಣ್ಣು ಕತ್ತಲಿಟ್ಟು ಬೀಳೋದು – ಇವನ್ನು ‘ಗ್ಯಾಸ್ ಐತಿ’ ಅಂತ ಸೋಡಾ ಕುಡಿದು ಕೂಡಬ್ಯಾಡ್ರಿ. 108ಕ್ಕೆ ಫೋನ್ ಮಾಡ್ರಿ. ಇಸಿಜಿ ಮಾಡಿಸ್ರಿ, ಬೇಕಾದರೆ ಡಾಕ್ಟರು ಟ್ರೋಪೋನಿನ್ ರಕ್ತಪರೀಕ್ಷೆ, ಎಕೋ ಬರೆದುಕೊಡ್ತಾರೆ. ರಕ್ತನಾಳ ಕಟ್ಟಿದ ಹೃದಯಾಘಾತ ಅಂತ ಖಾತ್ರಿಯಾದರೆ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಇದನ್ನು ಎಲ್ಲಾ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ 2025ರ ಜುಲೈನಲ್ಲಿ ಘೋಷಿಸಿತ್ತು. ನಿಮ್ಮ ತಾಲ್ಲೂಕು ದವಾಖಾನಿಯೊಳಗ ಆ ಇಂಜೆಕ್ಷನ್ ಐತೇನು, ರಾತ್ರಿ ಇಸಿಜಿ ತಗಿಯಾವ್ರು ಇರ್ತಾರೇನು, ಆರಾಮ ಇದ್ದಾಗಲೇ ಕೇಳಿ ಬರ್ರಿ. ಕೇಳಿದ್ದನ್ನ ನನಗೂ ತಿಳಸ್ರಿ, ಮುಂದಿನ ಸಂಚಿಕೆಯಲ್ಲಿ ಊರವಾರು ಓದ್ತೀನಿ.